ಮನೆಯ ಕಡಲನೀರಿನ ಅಕ್ವೇರಿಯಂನಲ್ಲಿ ಪಾಚಿ: ಗುರುತಿಸಿ, ಕಿತ್ತು, ಮರಳದಂತೆ ತಡೆಯುವ ಬಗೆ

ಸಿಹಿನೀರಿನ ಮೀನುತೊಟ್ಟಿಯನ್ನು ವರ್ಷಗಟ್ಟಲೆ ಚೆನ್ನಾಗಿ ನೋಡಿಕೊಂಡವರೂ ಕಡಲನೀರಿನ ತೊಟ್ಟಿ ಇಟ್ಟ ಮೊದಲ ವರ್ಷದಲ್ಲೇ ಬೇಸತ್ತು ಅದನ್ನು ಮಾರಿಬಿಡುವುದನ್ನು ಹಲವು ಬಾರಿ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ಮೀನುಗಳು ಆರೋಗ್ಯವಾಗಿಯೇ ಇದ್ದವು. ಅವರನ್ನು ಸೋಲಿಸಿದ್ದು ಪಾಚಿ. ಬಂಡೆಯ ಮೇಲೆ ಹಸಿರು ಕೂದಲಿನಂತೆ ಹಬ್ಬಿ, ಹವಳದ ಬುಡವನ್ನು ಮುಚ್ಚಿ, ಒರೆಸಿದ ಗಾಜಿನ ಮೇಲೆ ಎರಡೇ ದಿನಕ್ಕೆ ಮತ್ತೆ ಮಬ್ಬು ಕಟ್ಟುವ ಪಾಚಿಯನ್ನು ಕಂಡಾಗ ಅಂಗಡಿಗೆ ಹೋಗಿ ಯಾವುದಾದರೊಂದು ದ್ರಾವಣವನ್ನು ತಂದು ಸುರಿಯುವ ಮನಸ್ಸಾಗುವುದು ಸಹಜ. ಆ ದಾರಿಯನ್ನು ಈ ಲೇಖನದಲ್ಲಿ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಮಾಡಿದರೆ ಬಹುಪಾಲು ತೊಟ್ಟಿಗಳಿಗೆ ಔಷಧದ ಅಗತ್ಯವೇ ಬೀಳುವುದಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೀನಿಗೆ ಹಾಕಿದ ಆಹಾರದಲ್ಲಿದ್ದ ಸಾರಜನಕ ಮತ್ತು ರಂಜಕಗಳು ಮೀನಿನ ಹೊಟ್ಟೆಯ ಮೂಲಕ ನೀರಿಗೆ ಬಂದು ನೈಟ್ರೇಟ್ ಮತ್ತು ಫಾಸ್ಫೇಟ್ ಆಗುತ್ತವೆ, ಅವನ್ನು ಹೀರಿಕೊಂಡು ಪಾಚಿ ಬೆಳೆಯುತ್ತದೆ. ಪಾಚಿಯನ್ನು ತೊಟ್ಟಿಯೊಳಗೇ ಕೊಂದರೆ ಅದು ಕೊಳೆತು, ಹಿಡಿದಿಟ್ಟುಕೊಂಡಿದ್ದ ಪೋಷಕಾಂಶವನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಮೂರು ವಾರದ ನಂತರ ಅದೇ ಜಾಗದಲ್ಲಿ ಮತ್ತೊಂದು ಪಾಚಿ ಏಳುತ್ತದೆ. ತೊಟ್ಟಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಮನೆಯ ಆಚೆಗೆ ಹೋದದ್ದು ಮಾತ್ರ ನಿಜವಾಗಿ ಹೋದದ್ದು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯನ್ನೂ ಈ ಲೆಕ್ಕದಿಂದಲೇ ಅಳೆಯಬೇಕು.

ಮೊದಲ ಹೆಜ್ಜೆ: ಬೆಳೆದಿರುವುದು ಏನೆಂದು ಗುರುತಿಸುವುದು

ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗಬಹುದು. ಆದ್ದರಿಂದ ಗುರುತಿಸುವುದಕ್ಕೆ ಒಂದು ಸಂಜೆಯನ್ನು ಪೂರ್ತಿ ಕೊಟ್ಟರೂ ಅದು ವ್ಯರ್ಥವಲ್ಲ.

ತೊಟ್ಟಿ ಇಟ್ಟ ಮೊದಲ ಕೆಲವು ವಾರಗಳಲ್ಲಿ ಮರಳಿನ ಮೇಲೂ ಗಾಜಿನ ಮೇಲೂ ಕಂದು ಪುಡಿ ಹರಡಿದ್ದು, ಬೆರಳಿನಿಂದ ಒರೆಸಿದೊಡನೆ ಧೂಳಿನಂತೆ ಹಾರಿಹೋದರೆ ಅದು ಡಯಾಟಮ್. ನೀರಿನಲ್ಲಿರುವ ಸಿಲಿಕೇಟ್ ಬಳಸಿಕೊಂಡು ಕೋಶದ ಗೋಡೆ ಕಟ್ಟಿಕೊಳ್ಳುವ ಈ ಪಾಚಿ, ಸಿಲಿಕೇಟ್ ಮುಗಿದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಇದಕ್ಕೆ ಯಾವ ಉಪಚಾರವೂ ಬೇಡ. ಗಾಜು ಒರೆಸಿಕೊಂಡು ಕಾಯಬೇಕು. ಹಾಗೆಯೇ ಬಂಡೆಯ ಮೇಲೆ ನೇರಳೆ ಅಥವಾ ಗುಲಾಬಿ ಬಣ್ಣದ, ಸುಣ್ಣ ಬಳಿದಂತೆ ಗಟ್ಟಿಯಾಗಿ ಅಂಟಿರುವ ಪದರ ಕಂಡರೆ ಅದು ಕೊರಲೈನ್ ಪಾಚಿ. ಅದನ್ನು ಕೆರೆದು ತೆಗೆಯಬಾರದು. ಅದು ಹಿಡಿದ ಜಾಗದಲ್ಲಿ ತೊಂದರೆಯ ಪಾಚಿಗಳು ಬೇರೂರುವುದು ಕಷ್ಟ.

ನಿಜವಾದ ತಲೆನೋವು ಹೇರ್ ಆಲ್ಗೆ ಎಂದು ಎಲ್ಲರೂ ಕರೆಯುವ ಹಸಿರು ಕೂದಲು ಪಾಚಿಯಿಂದ ಶುರುವಾಗುತ್ತದೆ. ಡರ್ಬೇಸಿಯಾ ಮೊದಲಾದ ಹಲವು ಬಗೆಗಳಿಗೆ ಇದೊಂದೇ ಹೆಸರು. ಒಂದು ಗೊಂಚಲನ್ನು ಚಿಮುಟದಿಂದ ನೀರಿನಿಂದ ಮೇಲೆತ್ತಿದಾಗ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒದ್ದೆ ಹತ್ತಿಯಂತೆ ಜೋತುಬಿದ್ದರೆ ಅದು ಸಾಮಾನ್ಯ ಕೂದಲು ಪಾಚಿ. ಬೆಳಕಿಗೆ ಹಿಡಿದಾಗ ನಡುವೆ ಒಂದು ದಂಟು, ಅದರ ಎರಡೂ ಬದಿಯಲ್ಲಿ ಜರೀಗಿಡದ ಎಲೆಯಂತೆ ಸಾಲಾಗಿ ಗರಿ ಕಂಡರೆ ಅದು ಬ್ರಯಾಪ್ಸಿಸ್. ಎರಡನ್ನೂ ಒಂದೇ ಎಂದುಕೊಳ್ಳಬೇಡಿ: ಮೊದಲನೆಯದನ್ನು ಬಸವನಹುಳುಗಳು ಮೇಯುತ್ತವೆ, ಬ್ರಯಾಪ್ಸಿಸ್ಸನ್ನು ಹೆಚ್ಚಿನ ಜೀವಿಗಳು ಮೂಸಿಯೂ ನೋಡುವುದಿಲ್ಲ. ಹಸಿರು ದ್ರಾಕ್ಷಿಯಂತೆ ಹೊಳೆಯುವ ಗುಳ್ಳೆಗಳು ಬಂಡೆಯ ಸಂದಿಯಲ್ಲಿ ಕಂಡರೆ ಅದು ಬಬಲ್ ಆಲ್ಗೆ. ಆ ಗುಂಪಿನ ವಲೋನಿಯಾ ವೆಂಟ್ರಿಕೋಸಾದ ಒಂದೊಂದು ಗುಳ್ಳೆಯೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದ ಒಂದೇ ಜೀವಕೋಶ.

ಇನ್ನೆರಡು ಹೆಸರಿಗೆ ಮಾತ್ರ ಪಾಚಿಗಳು. ಮರಳಿನ ಮೇಲೆ ಕೆಂಪು, ನೇರಳೆ ಅಥವಾ ಕಡುಹಸಿರು ಬಣ್ಣದ ತೆಳು ಹಾಳೆ ಹಾಸಿಕೊಂಡಿದ್ದು, ಪಿಪೆಟ್‌ನಿಂದ ನೀರು ಊದಿದಾಗ ಚರ್ಮ ಸುಲಿದಂತೆ ಇಡಿಯಾಗಿ ಎದ್ದುಬಂದರೆ ಅದು ಸಯನೋಬ್ಯಾಕ್ಟೀರಿಯಾ, ಚಿಕ್ಕದಾಗಿ ಸಯನೋ. ಕಂದು ಬಣ್ಣದ ಲೋಳೆ ದಾರದಂತೆ ಎಳೆಎಳೆಯಾಗಿ ತೇಲುತ್ತಿದ್ದು, ಎಳೆಯ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದು, ಬೆಳಗ್ಗೆ ದೀಪ ಹೊತ್ತುವ ಹೊತ್ತಿಗೆ ಮಾಯವಾದಂತೆ ಕಂಡು ಸಂಜೆಗೆ ಮತ್ತೆ ತುಂಬಿಕೊಂಡರೆ ಅದು ಡೈನೋಫ್ಲಾಜೆಲೇಟ್. ತೊಟ್ಟಿ ಇಟ್ಟವರ ಮಾತಿನಲ್ಲಿ ಡೈನೋ. ಇದರ ಜೊತೆಗೆ ಬಸವನಹುಳುಗಳು ಒಂದೊಂದಾಗಿ ಸಾಯುತ್ತಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ, ಏಕೆಂದರೆ ಕೆಲವು ಡೈನೋಗಳು ವಿಷಕಾರಿ.

ಡಯಾಟಮ್ಮೋ ಡೈನೋವೋ ಎಂಬ ಗೊಂದಲಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಸಣ್ಣ ಬಾಟಲಿಗೆ ಎಳೆದುಕೊಂಡು, ಗಂಟುಗಳೆಲ್ಲ ಒಡೆಯುವಂತೆ ಚೆನ್ನಾಗಿ ಅಲುಗಿಸಿ, ಕಾಫಿ ಸೋಸುವ ಫಿಲ್ಟರ್ ಕಾಗದದಲ್ಲಿ ಸೋಸಿ, ಕೆಳಗಿಳಿದ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಇಡಿ. ಒಂದು ಗಂಟೆಯೊಳಗೆ ಲೋಟದಲ್ಲಿ ಮತ್ತೆ ಕಂದು ಎಳೆಗಳು ಕಟ್ಟಿಕೊಂಡರೆ ಡೈನೋ. ಅವುಗಳ ಕೋಶಗಳು ಕಾಗದದ ರಂಧ್ರವನ್ನು ದಾಟುವಷ್ಟು ಚಿಕ್ಕವು, ತಾವಾಗಿ ಈಜಿ ಮತ್ತೆ ಒಟ್ಟುಗೂಡುತ್ತವೆ. ಮನೆಯಲ್ಲಿ ಮಕ್ಕಳ ಮೈಕ್ರೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು: 400 ಪಟ್ಟು ಹಿಗ್ಗಿಸಿ ನೋಡಿದಾಗ ನೀರಹನಿಯ ಆಕಾರದ ಕೋಶಗಳು ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಗಿರಗಿರನೆ ಸುತ್ತುತ್ತಿದ್ದರೆ ಅದು ಆಸ್ಟ್ರಿಯಾಪ್ಸಿಸ್ ಎಂಬ ಡೈನೋ.

ಎರಡನೆಯ ಹೆಜ್ಜೆ: ಅಳೆಯುವುದು, ಅಳತೆಯ ಅರ್ಥ ತಿಳಿಯುವುದು

ನೈಟ್ರೇಟ್ ಮತ್ತು ಫಾಸ್ಫೇಟ್ ಎರಡನ್ನೂ ಅಳೆಯದೆ ಮುಂದೆ ಹೋಗಬೇಡಿ. ಹವಳ ಇರುವ ತೊಟ್ಟಿಯಲ್ಲಿ ನೈಟ್ರೇಟ್ 5ರಿಂದ 10 ಪಿಪಿಎಂ (ಒಂದು ಪಿಪಿಎಂ ಎಂದರೆ ಲೀಟರಿಗೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇರುವುದನ್ನು ಒಳ್ಳೆಯ ಗುರಿ ಎಂದುಕೊಳ್ಳಬಹುದು. ಕೆಲವು ಡಿಜಿಟಲ್ ಮೀಟರ್‌ಗಳು ಫಾಸ್ಫೇಟ್ ಬದಲಿಗೆ ರಂಜಕವನ್ನು ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ತೋರಿಸುತ್ತವೆ. ಆಗ ಬಂದ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಬೇಕು. ನೈಟ್ರೇಟ್ ಕಿಟ್ ಕೂಡ ಬರೀ ಸಾರಜನಕದ ಲೆಕ್ಕ ಕೊಡುವಂಥದ್ದಾದರೆ 4.43ರಿಂದ ಗುಣಿಸಬೇಕು. ಈ ವ್ಯತ್ಯಾಸ ಗಮನಿಸದೆ ನಾಲ್ಕು ಪಟ್ಟು ತಪ್ಪು ಅಂದಾಜಿನ ಮೇಲೆ ತಿಂಗಳುಗಟ್ಟಲೆ ಒದ್ದಾಡಿದವರಿದ್ದಾರೆ.

ಅಳತೆಯಲ್ಲಿ ಇನ್ನೊಂದು ಮೋಸವಿದೆ. ಬಂಡೆಯ ಮೇಲೆ ಎರಡು ಇಂಚು ಪಾಚಿ ಬೆಳೆದಿರುವಾಗಲೂ ಕಿಟ್ ಸೊನ್ನೆ ತೋರಿಸಬಹುದು. ನೀರಿಗೆ ಬಂದದ್ದನ್ನು ಬಂದ ಹಾಗೆ ಪಾಚಿಯೇ ಹೀರಿಕೊಳ್ಳುತ್ತಿರುವುದರಿಂದ ಅಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. "ನನ್ನ ನೀರಿನಲ್ಲಿ ಫಾಸ್ಫೇಟೇ ಇಲ್ಲ, ಆದರೂ ಪಾಚಿ ಬರುತ್ತಿದೆ" ಎಂದು ಹೇಳುವವರ ತೊಟ್ಟಿಯಲ್ಲಿ ನಡೆಯುತ್ತಿರುವುದು ಇದೇ. ಫಾಸ್ಫೇಟ್ ಅಡಗಿ ಕೂರುವ ಮತ್ತೊಂದು ಜಾಗ ಬಂಡೆ. ಲೈವ್ ರಾಕ್ (ಜೀವಿಗಳು ನೆಲೆಸಿರುವ ಹವಳದ ಬಂಡೆ) ಮತ್ತು ಹವಳದ ಮರಳು ಕ್ಯಾಲ್ಸಿಯಂ ಕಾರ್ಬೋನೇಟಿನಿಂದ ಆದವು. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಾಗ ಅದು ಅವುಗಳ ಮೈಗೆ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಮೆಲ್ಲಗೆ ಬಿಡುತ್ತದೆ. ಶೇ 20ರಷ್ಟು ನೀರು ಬದಲಿಸಿದ ಮರುದಿನ ಅಳೆದರೆ ಅಂಕಿ ಇಳಿದಿರುತ್ತದೆ, ನಾಲ್ಕನೆಯ ದಿನಕ್ಕೆ ಮೊದಲಿದ್ದಲ್ಲಿಗೇ ಬಂದಿರುತ್ತದೆ. ಇದನ್ನು ಕಂಡು ಎದೆಗುಂದಬೇಡಿ. ಬಂಡೆಯಲ್ಲಿ ಕೂಡಿಟ್ಟದ್ದು ಖಾಲಿಯಾಗಲು ತಿಂಗಳುಗಳೇ ಬೇಕು.

ಮೂರನೆಯ ಹೆಜ್ಜೆ: ಕೈಯಿಂದ ಕೀಳುವುದು

ಇದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುವವರೇ ಹೆಚ್ಚು. ನನ್ನ ಅನುಭವದಲ್ಲಿ ಇಷ್ಟು ಬೇಗ ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಮೊದಲಿಗೆ ಎಚ್ಚರಿಕೆಯ ಮಾತು. ಬಂಡೆಯ ಮೇಲೆ ಜೊವಾಂಥಿಡ್ ಅಥವಾ ಪಾಲಿಥೋವಾ ಎಂಬ ಗುಂಡಿಯಾಕಾರದ ಮೃದು ಹವಳಗಳಿದ್ದರೆ ಕೈಗವಸು ಮತ್ತು ಕಣ್ಣಿಗೆ ಕನ್ನಡಕವಿಲ್ಲದೆ ಬ್ರಷ್ ಹಚ್ಚಬೇಡಿ. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷವನ್ನು ಹೊಂದಿರುತ್ತವೆ. ಗಾಯದ ಮೂಲಕವೋ ಕಣ್ಣಿಗೆ ಸಿಡಿದ ಹನಿಯ ಮೂಲಕವೋ ಅದು ದೇಹ ಸೇರಬಹುದು. ಪಾಚಿ ಸಾಯಲೆಂದು ಇಂಥ ಬಂಡೆಯನ್ನು ಅಡುಗೆಮನೆಯಲ್ಲಿ ಕುದಿಸುವುದಂತೂ ಎಂದಿಗೂ ಕೂಡದು. ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ.

ತೆಗೆಯಬಹುದಾದ ಬಂಡೆಯನ್ನು ಹೊರತೆಗೆದು, ತೊಟ್ಟಿಯಿಂದಲೇ ತೆಗೆದ ನೀರಿರುವ ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದುಕೊಳ್ಳಿ. ಕೂದಲು ಪಾಚಿಯ ಗೊಂಚಲನ್ನು ತುದಿಯಲ್ಲಿ ಹಿಡಿದು ಎಳೆದರೆ ಅರ್ಧಕ್ಕೆ ತುಂಡಾಗಿ ಬುಡ ಅಲ್ಲಿಯೇ ಉಳಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ಬಂಡೆಗೆ ತಾಗಿಸಿ, ಬುಡದಲ್ಲಿ ಚಿವುಟಿದಂತೆ ಹಿಡಿದು ಸ್ವಲ್ಪ ತಿರುಚಿ ಎಳೆದರೆ ಬೇರುಸಹಿತ ಎಂಬಂತೆ ಬಿಟ್ಟುಬರುತ್ತದೆ, ಬಿಟ್ಟ ಜಾಗದಲ್ಲಿ ಬಂಡೆಯ ಬಿಳಿ ಮೈ ಕಾಣುತ್ತದೆ. ಉಳಿದ ಚಿಗುರನ್ನು ಗಟ್ಟಿ ಎಳೆಗಳಿರುವ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಂಡೆಯನ್ನು ಇನ್ನೊಂದು ಬಕೆಟ್ಟಿನ ಶುದ್ಧ ಉಪ್ಪುನೀರಿನಲ್ಲಿ ಅದ್ದಿ ತೊಳೆದು ವಾಪಸ್ ಇಡಿ. ನಲ್ಲಿಯ ನೀರಿನಲ್ಲಿ ತೊಳೆದರೆ ಬಂಡೆಯೊಳಗಿನ ಉಪಯುಕ್ತ ಜೀವಿಗಳೂ ಸಾಯುತ್ತವೆ. ಮೊದಲ ದಿನ ಬಕೆಟ್ಟಿನ ನೀರು ಪಾಲಕ್ ಸೊಪ್ಪು ತೊಳೆದಂತೆ ಹಸಿರಾಗುತ್ತದೆ. ಅದೆಲ್ಲವೂ ನಿಮ್ಮ ತೊಟ್ಟಿಯಿಂದ ಹೊರಬಂದ ಪೋಷಕಾಂಶ.

ಹೊರತೆಗೆಯಲಾಗದ ಬಂಡೆಗಳ ಮೇಲೆ ಕೆಲಸ ಮಾಡುವಾಗ ಸಣ್ಣ ಸೈಫನ್ ನಳಿಕೆಯ ತುದಿಗೆ ಬ್ರಷ್ ಕಟ್ಟಿಕೊಂಡು, ಉಜ್ಜಿದ್ದು ನೀರಿನಲ್ಲಿ ಹರಡುವ ಮೊದಲೇ ಎಳೆದುಕೊಳ್ಳಬೇಕು. ಹಾರಿಹೋದ ತುಣುಕುಗಳು ಹೊಸ ಜಾಗದಲ್ಲಿ ಬೇರೂರುತ್ತವೆ. ನಳಿಕೆಯ ಇನ್ನೊಂದು ತುದಿಯನ್ನು ಸಂಪ್ ಎಂಬ, ಮುಖ್ಯ ತೊಟ್ಟಿಗೆ ಜೋಡಿಸಿದ ಉಪತೊಟ್ಟಿಯಲ್ಲಿರುವ ಫಿಲ್ಟರ್ ಚೀಲಕ್ಕೆ ಬಿಟ್ಟರೆ ನೀರು ಉಳಿಯುತ್ತದೆ, ಪಾಚಿ ಚೀಲದಲ್ಲಿ ನಿಲ್ಲುತ್ತದೆ. ಚೀಲವನ್ನು ಅದೇ ದಿನ ತೊಳೆಯಬೇಕು. ಬಬಲ್ ಆಲ್ಗೆಯನ್ನು ಒಡೆಯದೆ, ಚಪ್ಪಟೆ ಸ್ಕ್ರೂಡ್ರೈವರಿನಂಥದ್ದರಿಂದ ಬುಡದಲ್ಲಿ ಎಬ್ಬಿ ಇಡಿಯಾಗಿ ತೆಗೆಯುವುದು ಒಳ್ಳೆಯದು. ವಾರಕ್ಕೊಮ್ಮೆಯಂತೆ ಎಂಟು ವಾರ ಬಿಡದೆ ಈ ಕೆಲಸ ಮಾಡಿ.

ನಾಲ್ಕನೆಯ ಹೆಜ್ಜೆ: ಬರುವ ದಾರಿ ಮುಚ್ಚುವುದು, ಮುಖ್ಯವಾಗಿ ನೀರಿನದು

ಬೆಂಗಳೂರಿನ ನನ್ನ ಮನೆಯಲ್ಲಿರುವುದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, ಸುಮಾರು 190 ಲೀಟರಿನ ತೊಟ್ಟಿ. ಅದರಿಂದ ದಿನಕ್ಕೆ ಮೂರು ಲೀಟರಿನಷ್ಟು ನೀರು ಆವಿಯಾಗುತ್ತದೆ. ಆವಿಯಾಗುವುದು ಶುದ್ಧ ನೀರು ಮಾತ್ರ. ಅದರಲ್ಲಿ ಕರಗಿದ್ದದ್ದೆಲ್ಲ ಒಳಗೇ ಉಳಿಯುತ್ತದೆ. ಹಾಗಾಗಿ ಎರಡು ತಿಂಗಳಲ್ಲಿ ಭರ್ತಿಗೆಂದು ಹಾಕುವ ನೀರು 180 ಲೀಟರ್, ಅಂದರೆ ಹೆಚ್ಚುಕಡಿಮೆ ತೊಟ್ಟಿಯಷ್ಟೇ. ಭರ್ತಿಯ ನೀರಿನಲ್ಲಿ 20 ಪಿಪಿಎಂ ನೈಟ್ರೇಟ್ ಇದ್ದರೆ ಮೀನಿಗೆ ಒಂದು ಕಾಳು ಆಹಾರ ಹಾಕದಿದ್ದರೂ ಎರಡು ತಿಂಗಳಿಗೆ ತೊಟ್ಟಿಗೆ ಅಷ್ಟೇ ನೈಟ್ರೇಟ್ ಸೇರಿದಂತಾಯಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ನಾವು ಕುಡಿಯಲು ಯೋಗ್ಯವಾದ ನೀರು ಪಾಚಿಗೆ ಒಳ್ಳೆಯ ಗೊಬ್ಬರವೂ ಆಗಬಹುದೆಂಬುದನ್ನು ಇದರಿಂದ ತಿಳಿಯಬೇಕು.

"ಆರ್.ಒ. ನೀರನ್ನೇ ಹಾಕುತ್ತಿದ್ದೇನೆ" ಎಂಬ ಸಮಾಧಾನದಲ್ಲಿ ಮೊದಲ ವರ್ಷ ನಾನೂ ಇದ್ದೆ. ಅಡುಗೆಮನೆಯ ಯಂತ್ರದಿಂದ ಹಿಡಿದ ನೀರಿಗೆ, ಅದರಲ್ಲಿ ಕರಗಿರುವ ವಸ್ತುಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದ ದಿನ ಅದು 68 ತೋರಿಸಿತು. ಕುಡಿಯುವ ನೀರು ತೀರಾ ಸಪ್ಪೆಯಾಗಬಾರದೆಂದು ಮನೆಯ ಇಂಥ ಯಂತ್ರಗಳಲ್ಲಿ ಹಲವಕ್ಕೆ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಪೊರೆಯನ್ನು ದಾಟದ ಸ್ವಲ್ಪ ಕಚ್ಚಾ ನೀರನ್ನು ಅದು ಶುದ್ಧ ನೀರಿಗೆ ಬೆರೆಸುತ್ತದೆ, ಅಥವಾ ಖನಿಜದ ಕಾರ್ಟ್ರಿಜ್ ಒಂದರ ಮೂಲಕ ಹಾಯಿಸುತ್ತದೆ. ಅಕ್ವೇರಿಯಂಗೆ ಬೇಕಾದದ್ದು ಸೊನ್ನೆ. ಇದಕ್ಕೆ ಪೊರೆಯಿಂದ ನೇರವಾಗಿ ಬರುವ ನೀರನ್ನು ಬೇರೆ ನಳಿಕೆಯಲ್ಲಿ ಹಿಡಿದು, ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಕಾಳು ತುಂಬಿದ ಕೊಳವೆಯ ಮೂಲಕ ಹಾಯಿಸಬೇಕು. ಪೊರೆಯನ್ನು ದಾಟಿ ಬರುವ ಸಿಲಿಕೇಟಿನ ಶೇಷವನ್ನೂ ರೆಸಿನ್ ಹಿಡಿಯುತ್ತದೆ. ಬಣ್ಣ ಬದಲಾಗುವ ರೆಸಿನ್ ಸಿಗುತ್ತದೆ. ಬಣ್ಣ ಪೂರ್ತಿ ಬದಲಾಗುವವರೆಗೆ ಕಾಯದೆ, ಮೀಟರ್ 1 ಅಥವಾ 2 ತೋರಿಸಿದೊಡನೆ ಬದಲಿಸಿ, ಏಕೆಂದರೆ ದಣಿದ ರೆಸಿನ್ ತಾನು ಹಿಡಿದಿಟ್ಟಿದ್ದನ್ನು ಒಮ್ಮೆಲೇ ಬಿಟ್ಟುಬಿಡಬಹುದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ಕಾವೇರಿ ನೀರು ಬರುವ ದಿನವೇ ಡ್ರಮ್ ತುಂಬಿಸಿಟ್ಟುಕೊಂಡರೆ ಖರ್ಚು ಉಳಿಯುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಕಡಲಿನಿಂದಲೇ ನೀರು ತರುವ ಆಸೆ ಇರುತ್ತದೆ. ದಡದ ನೀರು, ಅದರಲ್ಲೂ ಅಳಿವೆಯ ಹತ್ತಿರದ್ದು, ನದಿಗಳು ತಂದ ಕೆಸರು ಮತ್ತು ಪೋಷಕಾಂಶಗಳಿಂದ ತುಂಬಿರುತ್ತದೆ. ಮಳೆಗಾಲದಲ್ಲಿ ಅದರ ಉಪ್ಪಿನಂಶವೂ ಬಹಳ ಇಳಿದಿರುತ್ತದೆ. ಉಪ್ಪಿನ ಮಿಶ್ರಣ ಕೊಂಡು, ಸೊನ್ನೆ ಟಿಡಿಎಸ್ ನೀರಿಗೆ ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ತರುವುದೇ ನಂಬಿಕೆಯ ದಾರಿ. ದಡದಿಂದ ಹವಳದ ಬಂಡೆ ತರುವ ಯೋಚನೆಯನ್ನಂತೂ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಡಲಿನ ಹವಳಗಳಿಗೆ ರಕ್ಷಣೆ ಕೊಟ್ಟಿದೆ.

ಆಹಾರದ ವಿಷಯ ಚಿಕ್ಕದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಫ್ರೋಜನ್ ಆಹಾರವಾದರೆ ಟೀ ಸೋಸುವ ಜರಡಿಯಲ್ಲಿ ಕರಗಿಸಿ, ತೊಳೆದು, ನೀರನ್ನು ಚೆಲ್ಲಿ ಹಾಕಿ. ಮೀನುಗಳನ್ನು ಉಪವಾಸ ಕೆಡವಿ ಪಾಚಿ ಗೆಲ್ಲುವ ಪ್ರಯತ್ನ ಬೇಡ. ದೀಪ ದಿನಕ್ಕೆ ಎಂಟರಿಂದ ಒಂಬತ್ತು ಗಂಟೆ ಸಾಕು, ಕಿಟಕಿಯ ಬಿಸಿಲು ನೇರವಾಗಿ ಬೀಳದಿದ್ದರೆ ಆಯಿತು. ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರ್‌ನ ಕಪ್ ಮತ್ತು ಕುತ್ತಿಗೆಯನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸಿ. ಕುತ್ತಿಗೆಯಲ್ಲಿ ಜಿಡ್ಡು ಕಟ್ಟಿದರೆ ನೊರೆ ಮೇಲೇರುವುದಿಲ್ಲ. ಬಂಡೆಗಳ ಹಿಂದೆ ನೀರು ಅಲುಗದ ಮೂಲೆಗಳಿದ್ದರೆ ಪಂಪಿನ ದಿಕ್ಕು ಬದಲಿಸಿ. ಸಯನೋ ಮೊದಲು ಹಾಸಿಕೊಳ್ಳುವುದು ಅಂಥ ಮೂಲೆಯಲ್ಲೇ.

ಐದನೆಯ ಹೆಜ್ಜೆ: ಮೇಯುವವರನ್ನು ತರುವುದು

ಕಡಲಿನಲ್ಲಿ ಹವಳದ ದಿಬ್ಬಗಳು ಪಾಚಿಯಿಂದ ಮುಚ್ಚಿಹೋಗದಿರಲು ದೊಡ್ಡ ಕಾರಣ ಅವನ್ನು ಹಗಲಿರುಳು ಮೇಯುವ ಜೀವಿಗಳು. ಅವು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಕೆರಿಬಿಯನ್ ಕಡಲು ತೋರಿಸಿಕೊಟ್ಟಿದೆ. 1983ರಲ್ಲಿ ಪನಾಮಾದ ಹತ್ತಿರ ಕಾಣಿಸಿಕೊಂಡ ರೋಗವೊಂದು ಒಂದೇ ವರ್ಷದಲ್ಲಿ ಆ ಕಡಲಿನ ಉದ್ದಗಲಕ್ಕೂ ಹರಡಿ, ಡಯಡೇಮಾ ಎಂಬ ಉದ್ದ ಮುಳ್ಳಿನ, ಪಾಚಿ ಮೇಯುವ ಕಡಲಜೀವಿ ಅರ್ಚಿನ್‌ಗಳಲ್ಲಿ ಶೇ 90ಕ್ಕೂ ಹೆಚ್ಚನ್ನು ಕೊಂದಿತು. ಜಮೈಕಾದ ಸುತ್ತ ಪಾಚಿ ತಿನ್ನುವ ಮೀನುಗಳನ್ನು ಮಿತಿಮೀರಿದ ಮೀನುಗಾರಿಕೆ ಮೊದಲೇ ಬರಿದುಮಾಡಿತ್ತು, ಬಿರುಗಾಳಿಯೂ ಹವಳಗಳನ್ನು ಮುರಿದಿತ್ತು. ಅಲ್ಲಿ 1977ರಲ್ಲಿ ಶೇ 52ರಷ್ಟಿದ್ದ ಹವಳದ ಹೊದಿಕೆ 1993ರ ಹೊತ್ತಿಗೆ ಶೇ 3ಕ್ಕೆ ಕುಸಿಯಿತು, ಪಾಚಿಯ ಹೊದಿಕೆ ಶೇ 4ರಿಂದ ಶೇ 92ಕ್ಕೆ ಏರಿತು. ಮೇಯುವವರಿಲ್ಲದ ನಮ್ಮ ಗಾಜಿನ ತೊಟ್ಟಿ ಒಂದು ಪುಟ್ಟ ಜಮೈಕಾ.

ಮನೆಯ ತೊಟ್ಟಿಗೆ ಮೊದಲ ಆಯ್ಕೆ ಟರ್ಬೊ ಮತ್ತು ಟ್ರೋಕಸ್ ಬಸವನಹುಳುಗಳು. ಟರ್ಬೊ ಹೊಟ್ಟೆಬಾಕ, ಆದರೆ ಮೈ ಭಾರವಾದ್ದರಿಂದ ಸರಿಯಾಗಿ ಅಂಟಿಸದ ಹವಳಗಳನ್ನು ಕೆಡವುತ್ತದೆ. ಟ್ರೋಕಸ್ ಮಗುಚಿ ಬಿದ್ದರೂ ತಾನಾಗಿ ಎದ್ದುಕೊಳ್ಳುತ್ತದೆ. ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಹಾಕಿ ನೋಡಿದರೆ, ಗಾಜಿನ ಮಬ್ಬಿನ ಮೇಲೆ ಟ್ರೋಕಸ್ ಹಾದುಹೋದ ದಾರಿಯುದ್ದಕ್ಕೂ ನಾಲಿಗೆ ಆಡಿಸಿದ ಅಂಕುಡೊಂಕು ಗೆರೆಗಳು ಅಚ್ಚಾಗಿರುತ್ತವೆ. 190 ಲೀಟರಿನ ತೊಟ್ಟಿಗೆ ಆರರಿಂದ ಎಂಟು ಹುಳುಗಳಿಂದ ಶುರುಮಾಡಿ. ಒಂದೇ ಸಲ ಮೂವತ್ತು ತಂದರೆ ಪಾಚಿ ಮುಗಿದ ಮೇಲೆ ಹಸಿವಿನಿಂದ ಸತ್ತು, ಕೊಳೆತು, ಮತ್ತೆ ಪೋಷಕಾಂಶವಾಗುತ್ತವೆ. ಉಪ್ಪಿನಂಶದ ವ್ಯತ್ಯಾಸವನ್ನು ಇವು ತಾಳವು. ಅಂಗಡಿಯ ಚೀಲದ ನೀರಿಗೆ ನಿಮ್ಮ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದು ಗಂಟೆ ಬೆರೆಸಿ ಆಮೇಲೆ ಬಿಡಿ.

ಬೆರಳುದ್ದ ಬೆಳೆದ ಪಾಚಿಯನ್ನು ಹೆಚ್ಚಿನ ಬಸವನಹುಳುಗಳು ಮುಟ್ಟುವುದಿಲ್ಲ ಎಂಬುದನ್ನು ನೆನಪಿಡಬೇಕು. ಅವು ಮೇಯುವುದು ಎಳೆಯ ಚಿಗುರನ್ನು, ಆದ್ದರಿಂದಲೇ ಕೈಯಿಂದ ಕೀಳುವ ಕೆಲಸ ಮೊದಲು ಬಂದಿದೆ. ಲಾನ್‌ಮೋವರ್ ಬ್ಲೆನ್ನಿ ಒಳ್ಳೆಯ ಮೀನು. ಎಮರಾಲ್ಡ್ ಏಡಿ ಬಬಲ್ ಆಲ್ಗೆ ತಿನ್ನಬಹುದು, ತಿನ್ನದೆಯೂ ಇರಬಹುದು. ಸೀ ಹೇರ್ ಎಂಬ ಮೃದ್ವಂಗಿ ಕೂದಲು ಪಾಚಿಯನ್ನು ಬೋಳಿಸಿಬಿಡುತ್ತದೆ, ಆದರೆ ಮುಗಿದ ವಾರದಲ್ಲೇ ಹಸಿಯುತ್ತದೆ. ಮತ್ತೊಬ್ಬರ ತೊಟ್ಟಿಗೆ ದಾಟಿಸುವ ಏರ್ಪಾಡಿದ್ದರೆ ಮಾತ್ರ ತನ್ನಿ. ಟ್ಯಾಂಗ್ ಮತ್ತು ರ‍್ಯಾಬಿಟ್ ಮೀನುಗಳು ಪಾಚಿಯನ್ನು ಚೆನ್ನಾಗಿ ತಿನ್ನುತ್ತವೆಂದು ಮೂರು ಅಡಿಯ ತೊಟ್ಟಿಗೆ ತಂದು ತುಂಬುವುದನ್ನು ನಾನು ಒಪ್ಪುವುದಿಲ್ಲ. ದಿನವಿಡೀ ಉದ್ದಕ್ಕೂ ಈಜುವ ಮೀನುಗಳವು.

ಪಾಚಿಗೆ ಪಾಚಿಯದೇ ಪೈಪೋಟಿ

ಸಂಪ್ ಇರುವವರು ಅದರ ಒಂದು ಭಾಗದಲ್ಲಿ ಕೀಟೊಮಾರ್ಫಾ ಎಂಬ, ಪಾತ್ರೆ ತಿಕ್ಕುವ ನಾರಿನಂತೆ ಸಿಕ್ಕುಗಟ್ಟಿಕೊಂಡು ಬೆಳೆಯುವ ಪಾಚಿಯನ್ನು ಸಾಕಬಹುದು. ಅದಕ್ಕೊಂದು ಒಳ್ಳೆಯ ದೀಪ ಕೊಟ್ಟು, ಮುಖ್ಯ ತೊಟ್ಟಿಯ ದೀಪ ಆರಿದಾಗ ಇದು ಹೊತ್ತುವಂತೆ ಟೈಮರ್ ಇಟ್ಟರೆ ರಾತ್ರಿ ಪಿಎಚ್ ಇಳಿಯುವುದೂ ಕಡಿಮೆಯಾಗುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಉಂಡೆಯನ್ನು ತೆಗೆದು ಹೊರಹಾಕಬೇಕು. ತೆಗೆಯದಿದ್ದರೆ ಅದನ್ನು ಬೆಳೆಸಿ ಉಪಯೋಗವಿಲ್ಲ. ಸಂಪ್ ಇಲ್ಲದವರು ಜಾಲರಿಯ ಮೇಲೆ ನೀರು ಹರಿಸಿ ಬೆಳಕು ಬಿಟ್ಟು ಪಾಚಿ ಬೆಳೆಸುವ ಸ್ಕ್ರಬ್ಬರ್ ಕಟ್ಟಿಕೊಳ್ಳಬಹುದು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಆಡೀ ಅವರು ರೂಪಿಸಿದ ವಿಧಾನವಿದು.

ಫಾಸ್ಫೇಟ್ ಹೀರುವ ಜಿಎಫ್ಒ ಎಂಬ ಕಬ್ಬಿಣದ ಆಕ್ಸೈಡ್ ಕಾಳುಗಳನ್ನು ಬಳಸುವುದಾದರೆ ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ, ಇನ್ನೂ ಒಳ್ಳೆಯದೆಂದರೆ ಕಾಲುಭಾಗದಿಂದ ಆರಂಭಿಸಿ. ಫಾಸ್ಫೇಟ್ ಒಮ್ಮೆಲೇ ಇಳಿದರೆ ಹವಳಗಳ ಮಾಂಸ ಸುಲಿದುಹೋಗುತ್ತದೆ.

ಡೈನೋ ಬಂದರೆ ಮೇಲಿನದ್ದರಲ್ಲಿ ಬಹಳಷ್ಟು ತಲೆಕೆಳಗು

ಫಾಸ್ಫೇಟ್, ನೈಟ್ರೇಟ್ ಎರಡನ್ನೂ ಸೊನ್ನೆಗೆ ಇಳಿಸಿದವರ ತೊಟ್ಟಿಗಳಲ್ಲೇ ಡೈನೋ ಹೆಚ್ಚಾಗಿ ಬರುತ್ತದೆ. ಉಳಿದ ಪಾಚಿ ಮತ್ತು ಬ್ಯಾಕ್ಟೀರಿಯಾಗಳೆಲ್ಲ ಹಸಿದು ಹಿಂದೆ ಸರಿದಾಗ ಖಾಲಿಯಾದ ಜಾಗವನ್ನು ಇದು ಹಿಡಿಯುತ್ತದೆ. ಇಂಥಲ್ಲಿ ನೀರು ಬದಲಿಸಿದಷ್ಟೂ, ಜಿಎಫ್ಒ ಹಾಕಿದಷ್ಟೂ ರೋಗ ಉಲ್ಬಣಿಸುತ್ತದೆ. ಮಾಡಬೇಕಾದದ್ದು ಇಷ್ಟು: ಜಿಎಫ್ಒ ತೆಗೆಯಿರಿ, ನೀರು ಬದಲಿಸುವುದನ್ನು ಕೆಲವು ವಾರ ನಿಲ್ಲಿಸಿ, ಆಹಾರ ಹೆಚ್ಚಿಸಿ. ಆಗಲೂ ಅಂಕಿ ಏಳದಿದ್ದರೆ ಅಕ್ವೇರಿಯಂಗೆಂದೇ ಸಿಗುವ ನೈಟ್ರೇಟ್ ಮತ್ತು ಫಾಸ್ಫೇಟ್ ದ್ರಾವಣವನ್ನು ದಿನವೂ ಅಳೆದು ಹಾಕಿ, ನೈಟ್ರೇಟ್ 10, ಫಾಸ್ಫೇಟ್ 0.1ರ ಹತ್ತಿರ ಉಳಿಯುವಂತೆ ನೋಡಿಕೊಳ್ಳಿ. ಆಸ್ಟ್ರಿಯಾಪ್ಸಿಸ್ ರಾತ್ರಿಯಲ್ಲಿ ಬಂಡೆಯನ್ನು ಬಿಟ್ಟು ನೀರಿನಲ್ಲಿ ಈಜುವುದರಿಂದ, ಮುಖ್ಯ ತೊಟ್ಟಿಯಿಂದಲೇ ನೀರೆಳೆದು ಅಲ್ಲಿಗೇ ಬಿಡುವಂತೆ ಯು.ವಿ. ದೀಪವನ್ನು ಜೋಡಿಸಿದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮರಳಿನಲ್ಲೇ ಉಳಿಯುವ ಆಂಫಿಡಿನಿಯಂ ಎಂಬ ಇನ್ನೊಂದು ಡೈನೋಗೆ ಯು.ವಿ. ತಾಗುವುದಿಲ್ಲ. ಅದಕ್ಕೆ ಕೆಲವರು ಸಿಲಿಕೇಟ್ ಹಾಕಿ, ಲೇಖನದ ಆರಂಭದಲ್ಲಿ ಹೇಳಿದ ಡಯಾಟಮ್ಮನ್ನೇ ಬೆಳೆಸಿ ಅದರ ಜಾಗ ಕಸಿಯುತ್ತಾರೆ.

ಡೈನೋ ಇರುವಾಗ ನೀರನ್ನು ಬಾಯಿಯಿಂದ ಎಳೆದು ಸೈಫನ್ ಮಾಡಬೇಡಿ, ಕೆಲಸ ಮಾಡಿದ ಕೈಯನ್ನು ಸೋಪಿನಿಂದ ತೊಳೆಯಿರಿ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕರಾವಳಿಯಲ್ಲಿ ಆಸ್ಟ್ರಿಯಾಪ್ಸಿಸ್ ಹಬ್ಬಿದಾಗ, ಕಡಲ ತುಂತುರನ್ನು ಉಸಿರಾಡಿದ ಸುಮಾರು 200 ಜನರಿಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಾಣಿಸಿತ್ತು.

ಔಷಧಗಳು, ಕೊನೆಯ ಮಾತಾಗಿ

ಹೊರತೆಗೆದ ಬಂಡೆಯ ಮೊಂಡು ಪಾಚಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬಹುದು. ನಮ್ಮ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 6ರದ್ದು. ಹೊರದೇಶದವರು ಹೇಳುವ ಪ್ರಮಾಣಗಳು ಶೇ 3ಕ್ಕೆ ಸೇರಿದವು. ಆದ್ದರಿಂದ ಸಮಪ್ರಮಾಣದ ಸೊನ್ನೆ ಟಿಡಿಎಸ್ ನೀರು ಬೆರೆಸಿ, ಬ್ರಷ್ಷಿನಿಂದ ಪಾಚಿಗಷ್ಟೇ ಹಚ್ಚಿ, ಐದು ನಿಮಿಷ ಬಿಟ್ಟು, ಉಪ್ಪುನೀರಿನಲ್ಲಿ ಚೆನ್ನಾಗಿ ಜಾಲಿಸಿ ವಾಪಸ್ ಇಡಿ. ಅದನ್ನು ತೊಟ್ಟಿಗೇ ಸುರಿದರೆ ಮೊದಲು ನರಳುವವು ಸೀಗಡಿಗಳು.

ಬ್ರಯಾಪ್ಸಿಸ್‌ಗೆ ಫ್ಲುಕೋನಜೋಲ್ ಎಂಬ ಶಿಲೀಂಧ್ರನಾಶಕ ಚೆನ್ನಾಗಿ ಕೆಲಸ ಮಾಡುತ್ತದೆ. ರೂಢಿಯ ಪ್ರಮಾಣ ಲೀಟರಿಗೆ 5 ಮಿಲಿಗ್ರಾಂ. ಬಂಡೆ, ಮರಳು ಹಿಡಿದ ಜಾಗ ಕಳೆದು ನಿಜವಾದ ನೀರಿನ ಪ್ರಮಾಣಕ್ಕೆ ಲೆಕ್ಕ ಹಾಕಬೇಕು. 150 ಲೀಟರ್ ನೀರಿಗೆ 750 ಮಿಲಿಗ್ರಾಂ, ಅಂದರೆ 150 ಮಿಲಿಗ್ರಾಂನ ಐದು ಗುಳಿಗೆ. ಫಿಲ್ಟರ್‌ನಲ್ಲಿ ಔಷಧವನ್ನು ಹೀರಿಬಿಡುವ ಕಾರ್ಬನ್ ಇದ್ದರೆ ತೆಗೆದಿಟ್ಟು, ಸ್ಕಿಮ್ಮರ್ ಕಪ್ ತೆಗೆದು, ಎರಡು ಮೂರು ವಾರ ನೀರು ಬದಲಿಸದೆ ಕಾಯಬೇಕು. ಇದು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧ. ಅಕ್ವೇರಿಯಂಗೆಂದೇ ತಯಾರಾದ ರೂಪ ಸಿಕ್ಕರೆ ಅದನ್ನೇ ಬಳಸಿ. ಸಯನೋಗೆ ಎರಿತ್ರೋಮೈಸಿನ್ ಹಾಕುವ ಅಭ್ಯಾಸವನ್ನು ನಾನು ವಿರೋಧಿಸುತ್ತೇನೆ. ಆ್ಯಂಟಿಬಯೋಟಿಕ್ ಬೆರೆತ ಹತ್ತಾರು ಲೀಟರ್ ನೀರನ್ನು ಕೊನೆಗೆ ಚರಂಡಿಗೆ ಬಿಡಬೇಕಾಗುತ್ತದೆ. ಸೈಫನ್‌ನಿಂದ ಎಳೆದು, ಹರಿವು ಹೆಚ್ಚಿಸಿ, ಮೂರು ದಿನ ದೀಪ ಆರಿಸಿಟ್ಟರೆ ಬಹುಪಾಲು ಸಯನೋ ಹಿಮ್ಮೆಟ್ಟುತ್ತದೆ.

ಪಾಚಿ ಒಟ್ಟಿಗೆ ಸಾಯುತ್ತಿರುವ ದಿನಗಳಲ್ಲಿ ಕೊಳೆಯುವಿಕೆಯಿಂದ ನೀರಿನ ಆಮ್ಲಜನಕ ಇಳಿಯುತ್ತದೆ. ಅಂಥ ರಾತ್ರಿ ಕರೆಂಟ್ ಹೋದರೆ ಬೆಳಗ್ಗೆಗೆ ಮೀನುಗಳು ಉಳಿಯಲಿಕ್ಕಿಲ್ಲ. ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಮೊದಲೇ ತಂದಿಟ್ಟುಕೊಂಡು, ತಾನಾಗಿ ಚಾಲೂ ಆಗುತ್ತದೆಯೇ ಎಂದು ಪ್ಲಗ್ ಕಿತ್ತು ನೋಡಿ.

ಕಿತ್ತ ಪಾಚಿಯನ್ನು ಎಲ್ಲಿ ಹಾಕಬೇಕು

ಕಡಲಿಗೆ, ಹೊಳೆಗೆ, ಚರಂಡಿಗೆ ಹಾಕಬಾರದು. ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗೆ 1984ರಲ್ಲಿ ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಕಂಡ ಕಾಲರ್ಪಾ ಟ್ಯಾಕ್ಸಿಫೋಲಿಯಾ, ಅಕ್ವೇರಿಯಂಗಳಲ್ಲಿ ಸಾಕುತ್ತಿದ್ದ ತಳಿ; ಮುಂದೆ ಅದು ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು. ನಮ್ಮಲ್ಲೇ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಜೀವಂತ ಹವಳಗಳನ್ನು, ಬೇಸಾಯಕ್ಕೆಂದು ತಂದ ಕಪ್ಪಾಫೈಕಸ್ ಪಾಚಿ ಮುಚ್ಚುತ್ತಿರುವುದು 2008ರಲ್ಲಿ ವರದಿಯಾಯಿತು. ಕರಾವಳಿಯ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಿತ್ತದ್ದನ್ನು ಹಿಂಡಿ, ಹಳೆಯ ಪೇಪರಿನ ಮೇಲೆ ಹರವಿ, ತಾರಸಿಯ ಬಿಸಿಲಿನಲ್ಲಿ ಬೆರಳಲ್ಲಿ ಪುಡಿಯಾಗುವಷ್ಟು ಒಣಗಿಸಿ, ಆಮೇಲೆ ಹಸಿ ಕಸದ ಬುಟ್ಟಿಗೆ ಹಾಕಿ. ಹಿಂಡಿದ ನೀರನ್ನು ಚೆಲ್ಲುವ ಮುನ್ನ ಬಕೆಟ್ಟಿಗೆ ಸ್ವಲ್ಪ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ರಾತ್ರಿ ಬಿಡಿ. ಆ ಬಕೆಟ್ಟನ್ನು ಮತ್ತೆ ತೊಟ್ಟಿಯ ಕೆಲಸಕ್ಕೆ ತರಬೇಡಿ.